ಹಾಜಿಸಾಬರ ಕಾರಿನ ಬಿಸಿಗಾಳಿ

ಉಗುರಿನಷ್ಟು ಒಂದು ಕ್ಲಿಪ್ಪು ಎಲ್ಲಿ ಕಳಚಿ ಬಿತ್ತೋ ಯಾರಿಗೂ ಗೊತ್ತಾಗಲಿಲ್ಲ. ಆದರೆ ಅದು ಬಿದ್ದಾಗಿನಿಂದ ಹಾಜಿಸಾಬರ ಕಾರು ಹತ್ತಿದವರೆಲ್ಲ ಸುಟ್ಟ ಬದನೆಕಾಯಿಯಂತಾಗಿ ಇಳಿಯತೊಡಗಿದರು.

ಹಾಜಿಸಾಬರದು ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಕಾರಖಾನೆ. ಕಾರು ಮಾತ್ರ ವಿಲಾಯತಿಯದು. ಯಾವನೋ ದೊರೆ ತನ್ನ ದೇಶಕ್ಕೆ ಹೋಗುವಾಗ ಮಾರಿ ಹೋಗಿದ್ದ. ಅವರ ದೇಶದ ಚಳಿಗೆ ಬೇಕೆಂದು ಎಂಜಿನ್ನಿನ ಬಿಸಿನೀರಿನಿಂದ ಗಾಳಿ ಕಾಯಿಸಿ ಒಳಗೆ ಬಿಡುವ ಏರ್ಪಾಡು ಅದರಲ್ಲಿತ್ತು. ಬಿಸಿ ಬರಬೇಕೋ ತಂಪು ಬರಬೇಕೋ ಎಂಬುದನ್ನು ತೀರ್ಮಾನಿಸುವುದು ಡ್ಯಾಶ್‌ಬೋರ್ಡಿನ ಹಿಂದೆ, ಒಂದು ಡಬ್ಬಿಯೊಳಗಿದ್ದ ಸಣ್ಣ ತಗಡಿನ ಬಾಗಿಲು. ಹಿಡಿಕೆ ಸರಿಸಿದರೆ ತಂತಿ ಜಗ್ಗುತ್ತದೆ, ತಂತಿ ಬಾಗಿಲನ್ನು ತಿರುಗಿಸುತ್ತದೆ. ಕ್ಲಿಪ್ಪು ಬಿದ್ದ ಮೇಲೆ ತಂತಿಗೂ ಬಾಗಿಲಿಗೂ ಸಂಬಂಧ ಕಡಿಯಿತು. ಬಾಗಿಲು ಅರ್ಧ ತೆರೆದು ಜೋತು ಬಿದ್ದಿತು. ವೈಶಾಖದ ಬಿಸಿಲು ಹೊರಗೆ, ಎಂಜಿನ್ನಿನ ಬಿಸಿ ಒಳಗೆ.

ಅಂದು ಮುಂಜಾನೆ ಹಾಜಿಸಾಬರು ಡ್ರೈವರ್ ಗೊಲ್ಲಾಳಪ್ಪನನ್ನು ಕರೆದರು.

"ಮಧ್ಯಾಹ್ನದ ನಮಾಜು ಮುಗಿಸಿ ಚಿಂಚೋಳಿಗೆ ಹೋಗೋದದ. ಅಮ್ಮಾನೂ ಬರ್ತಾಳ. ಮಗಳಿಗೆ ವರ ನೋಡ್ಬೇಕು. ಹೋದ ಸಲ ಸೇಡಂಕ್ಕ ಹೋದಾಗ ನನ್ನ ಬೆವರು ನೋಡಿ, ಇವರಿಗೆ ಜ್ವರ ಬಂದಾವ ಅಂತ ಹುಡುಗನ ಕಡೆಯವರು ಮಾತೇ ಆಡದ ವಾಪಸ್ ಕಳಿಸಿದ್ರು. ಇವತ್ತೂ ಹಂಗೇ ಆದ್ರ ಕಾರು ಗುಜರಿಗೆ, ನೀ ಕಲ್ಲಿನ ಲಾರಿಗೆ."

"ಆಗ್ತದ್ರಿ ಸಾಹೇಬ್ರ" ಎಂದ ಗೊಲ್ಲಾಳಪ್ಪ. ಹೇಗೆ ಆಗುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ವಾಡಿ ಊರಿನ ಮೋಟಾರು ಮೇಸ್ತ್ರಿ, ಎಂಜಿನ್ ಕೆಟ್ಟರೆ ಕರಿ, ಗಾಳಿ ಕೆಟ್ಟರೆ ನಾನೇನು ಮಾಡಲಿ ಎಂದು ಕೈತೊಳೆದುಕೊಂಡಿದ್ದ. ಆದರೆ ಗೊಲ್ಲಾಳಪ್ಪ ಹಿಡಿದ ಕೆಲಸ ಬಿಡುವ ಪೈಕಿ ಅಲ್ಲ. ಗುಂಡಮ್ಮನ ಹೋಟೆಲಿನ ಮುಂದಿನ ಬೇವಿನ ನೆರಳಿಗೆ ಕಾರು ತಂದು ನಿಲ್ಲಿಸಿದ. ಸೀಟಿನ ಮೇಲೆ ತಲೆಕೆಳಗಾಗಿ ಮಲಗಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿದ. ಕಾಲೆರಡೂ ಕಿಟಕಿಯಿಂದ ಹೊರಗೆ ಬಂದವು.

ಅಂದಿನ ಮಟ್ಟಿಗೆ ಶಹಾಬಾದದ ಜನ ಗೊಲ್ಲಾಳಪ್ಪನ ಕಾಲುಗಳ ಜೊತೆಗೇ ವ್ಯವಹಾರ ಮಾಡಿದರು.

"ಚಹಾ ಕುಡೀತಿ ಏನಪ?" ಎಂದು ಗುಂಡಮ್ಮ ಪಾದಗಳನ್ನು ಕೇಳಿದಳು. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದ ಗೊಲ್ಲಾಳಪ್ಪ ಬೇಡವೆಂದು ಹೆಬ್ಬೆರಳು ಆಡಿಸಿದ. ಗುಂಡಮ್ಮ ಬೇಕೆಂದು ತಿಳಿದು ಕಪ್ಪನ್ನು ಅವನ ಸೊಂಟದ ಬದಿಗಿಟ್ಟು ಹೋದಳು. ಅವನು ಮಗ್ಗುಲಾದೊಡನೆ ಚಹಾ ಅಂಗಿಯೊಳಗೆ ಇಳಿಯಿತು.

ಅಷ್ಟರಲ್ಲಿ ಕಾಶಪ್ಪ ಬಂದ. ರೈಲ್ವೆಯಲ್ಲಿ ಉಗಿ ಎಂಜಿನ್ ಓಡಿಸಿ ರಿಟೈರಾದವನು. ಬಾನೆಟ್ಟು ಎತ್ತಿ ನೋಡಿದ.

"ಬಾಗಿಲು ಹುಡುಕೋದು ಯಾಕಲೇ? ಬಿಸಿನೀರು ಬರೋ ಪೈಪೇ ಹಿಚುಕಿದ್ರ ಆಯ್ತು."

"ಬ್ಯಾಡ್ರಿ ಕಾಕಾ, ಪೈಪು ಹಳೇದದ" ಎಂದು ಒಳಗಿನಿಂದ ದನಿ ಬರುವುದರೊಳಗೆ ಕಾಶಪ್ಪ ಇಕ್ಕಳ ಹಾಕಿ ಹಿಚುಕಿಯೇಬಿಟ್ಟಿದ್ದ. ಪೈಪು ಸೀಳಿ ಬಿಸಿನೀರು ಕಾರಂಜಿಯಂತೆ ಚಿಮ್ಮಿತು. ಕಾಶಪ್ಪ ಧೋತರ ಎತ್ತಿಕೊಂಡು ಹೋಟೆಲಿನ ಕಟ್ಟೆ ಏರಿದ. ಗೊಲ್ಲಾಳಪ್ಪ ತಲೆ ಬಡಿಸಿಕೊಂಡು ಹೊರಗೆ ಬಂದು ಕೇಳಿದ್ದು ಒಂದೇ ಮಾತು:

"ಕಾಕಾ, ನಿಮಗೆಲ್ಲೂ ಸುಟ್ಟಿಲ್ಲ ಹೌದಿಲ್ಲೋ?"

ಬೈದಿದ್ದರೆ ಕಾಶಪ್ಪ ಮನೆಗೆ ಹೋಗುತ್ತಿದ್ದ. ಬೈಯದೇ ಇದ್ದುದರಿಂದ ಅಲ್ಲೇ ಉಳಿದ. ಗೊಲ್ಲಾಳಪ್ಪ ಸೀಳಿದ ತುದಿ ಕೊಯ್ದು, ಉಳಿದದ್ದನ್ನೇ ಜಗ್ಗಿ ಕೂಡಿಸಿ, ನೀರು ತುಂಬಿಸುವ ಹೊತ್ತಿಗೆ ದರ್ಜಿ ಬಂದೇಅಲಿ ತನ್ನದೊಂದು ಉಪಾಯ ಮಾಡಿ ಮುಗಿಸಿದ್ದ. ಅಂಗಡಿಯ ಚಿಂದಿಯನ್ನೆಲ್ಲ ತಂದು ಗಾಳಿ ಬರುವ ತೂತಿನೊಳಗೆ ತುರುಕಿದ್ದ.

"ಇನ್ನ ಗಾಳಿ ಹ್ಯಾಂಗ ಬರ್ತದ ನೋಡೋಣ" ಎಂದ ಬಂದೇಅಲಿ.

ಬಿಸಿ ಗಾಳಿಯ ಜೊತೆಗೆ ತಂಪು ಗಾಳಿಯೂ ನಿಂತಿತು. ಈಗ ಡಬ್ಬಿ ಬಿಚ್ಚದೆ ಗತಿಯಿರಲಿಲ್ಲ. ಗೊಲ್ಲಾಳಪ್ಪ ಮತ್ತೆ ತಲೆಕೆಳಗಾದ. ಬೆವರು ಮೂಗಿನಿಂದ ಹಣೆಗೆ ಹರಿಯುತ್ತಿತ್ತು. ಡಬ್ಬಿಯ ಹೊಟ್ಟೆಯೊಳಗಿಂದ ಅರ್ಧ ಕಾಲರು, ಕುಬಸದ ಒಂದು ತೋಳು, ಯಾರದೋ ಪೈಜಾಮದ ಲಾಡಿ ತೂರಿಸುವ ನೆಫಾ ಒಂದೊಂದಾಗಿ ಹೊರಬಂದವು. ಕಡೆಯ ಚಿಂದಿ ಎಳೆದಾಗ, ಅದರ ಹಿಂದೆ, ಮದುವೆಮನೆಯಲ್ಲಿ ಮುನಿಸಿಕೊಂಡ ಅಳಿಯನಂತೆ ತಲೆ ತಗ್ಗಿಸಿ ನಿಂತಿದ್ದ ಆ ತಗಡಿನ ಬಾಗಿಲು ಕಂಡಿತು. ಅದರ ಕಡ್ಡಿಗೊಂದು ತೂತು, ಪಕ್ಕದಲ್ಲೇ ತೂಗಾಡುವ ತಂತಿ. ನಡುವೆ ಕ್ಲಿಪ್ಪಿಲ್ಲ.

"ಸಿಕ್ತು ಕಾಕಾ. ಒಂದು ಗಟ್ಟಿ ತಂತಿ ಬೇಕಾಗ್ಯಾದ. ಬಗ್ಗಬೇಕು, ಆದ್ರ ಸಡಲಬಾರದು."

ಕಾಶಪ್ಪ ಹೋಗಿ ತನ್ನ ಸೈಕಲ್ಲಿನ ಚಕ್ರದಿಂದ ಒಂದು ಕಡ್ಡಿ ಬಿಚ್ಚಿ ತಂದುಕೊಟ್ಟ. ಗೊಲ್ಲಾಳಪ್ಪ ಅದನ್ನು ಕೊಯ್ದು, ಕಲ್ಲಿನ ಮೇಲಿಟ್ಟು ಬಡಿದು, ಕೊಕ್ಕೆ ಮಾಡಿದ. ಕಣ್ಣಿಗೆ ಕಾಣದ ಜಾಗ, ಒಂದೇ ಕೈ ಹಿಡಿಸುವ ಸಂದು. ಎರಡು ಸಲ ಕೊಕ್ಕೆ ಜಾರಿ ಬಿತ್ತು. ಮೂರನೇ ಸಲ ಅವನು ಕಣ್ಣು ಮುಚ್ಚಿದ. ಒಳಗೆ ಟಪ್ಪೆಂದು ಸದ್ದಾಯಿತು.

ಎಂಜಿನ್ ಚಾಲೂ ಮಾಡಿ, ಫ್ಯಾನು ಹಚ್ಚಿ, ಹಿಡಿಕೆ ಸರಿಸಿದ. ಬೆಣ್ಣೆಯಲ್ಲಿ ಚಾಕು ಓಡಿದಂತೆ ಓಡಿತು. ಒಬ್ಬೊಬ್ಬರಾಗಿ ಬಂದು ತೂತಿಗೆ ಕೈಯೊಡ್ಡಿ ನೋಡಿದರು. ಬೇವಿನ ನೆರಳಿನ ಗಾಳಿಯೇ ಒಳಗೆ ಬರುತ್ತಿತ್ತು.

"ನಲವತ್ತು ವರ್ಷ ಎಂಜಿನ್ ನೋಡೀನಿ, ಇಂಥಾ ಕೈ ನೋಡಿಲ್ಲ" ಎಂದ ಕಾಶಪ್ಪ. ಗುಂಡಮ್ಮ ಮತ್ತೊಂದು ಚಹಾ ತಂದು ಈ ಸಲ ಕೈಗೇ ಕೊಟ್ಟಳು. ಶೇರವಾನಿ ತೊಟ್ಟು ಬಂದ ಹಾಜಿಸಾಬರು ಮುಂದಿನ ಸೀಟಿನಲ್ಲಿ ಕೂತು, ತಂಪು ತಾಗಿಸಿಕೊಂಡು, "ಶಾಬಾಸ್ ಗೊಲ್ಲಾಳಪ್ಪ" ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿದವರು ಊರಲ್ಲಿ ಕಡಿಮೆ.

ಹಿಂದಿನ ಸೀಟಿನಲ್ಲಿ ಅವರ ತಾಯಿ ಆಶಾಬಿ ಕೂತರು. ಚಿತ್ತಾಪುರ ಹೋಯಿತು, ದಂಡೋತಿಯ ಹೊಳೆ ದಾಟಿತು. ಬೆವರಿನ ಒಂದು ಹನಿ ಇಲ್ಲ. ಗೊಲ್ಲಾಳಪ್ಪ ಬಹಳ ದಿನಗಳ ಮೇಲೆ ಹಾಡು ಗುನುಗತೊಡಗಿದ. ಆಗ ಹಿಂದಿನಿಂದ ಆಶಾಬಿಯ ದನಿ ಬಂತು.

"ಬೇಟಾ, ಕಾಲಿಗೆ ಬರೋ ಬಿಸಿ ಗಾಳಿ ಎಲ್ಲಿ ಹೋಯ್ತು?"

"ರಿಪೇರಿ ಮಾಡೀನ್ರಿ ಅಮ್ಮಾ" ಎಂದ ಗೊಲ್ಲಾಳಪ್ಪ ಹೆಮ್ಮೆಯಿಂದ.

"ಯಾರು ಹೇಳಿದ್ರು ನಿನಗ? ಆ ಗಾಳಿ ಬಡದಾಗಿಂದ ನನ್ನ ಮೊಣಕಾಲು ಮಡಚಲಿಕತ್ತಾವ. ಕುರ್ಚಿ ಬಿಟ್ಟು ಚಾಪಿ ಮ್ಯಾಲೆ ನಮಾಜು ಮಾಡ್ಲಿಕತ್ತೀನಿ. ಸೊಸೆಂದಿರು ಕಾಲು ಒತ್ತೋದು ಬಿಡ್ತಾರ ಅಂತ ಯಾರಿಗೂ ಹೇಳಿಲ್ಲ. ನೀನೇ ನನ್ನ ಸಲುವಾಗಿ ಮಾಡೀದಿ ಅಂತ ದಿನಾ ನಿನಗ ದುವಾ ಮಾಡ್ತಿದ್ದೆ."

ಗೊಲ್ಲಾಳಪ್ಪ ಪಕ್ಕಕ್ಕೆ ನೋಡಿದ. ಕಾರಖಾನೆಯಲ್ಲಿ ಹುಲಿಯಾಗಿದ್ದ ಹಾಜಿಸಾಬರು ತಾಯಿಯ ಮುಂದೆ ಬೆಕ್ಕಿನ ಮರಿ. ಅವರು ಶೇರವಾನಿಯ ಮೇಲಿನ ಗುಂಡಿ ಬಿಚ್ಚಿಕೊಂಡು, "ಅಮ್ಮಾ ಹೇಳಿದ್ಹಂಗ ಮಾಡು" ಎಂದರು.

ಹಿಡಿಕೆ ಬೆಣ್ಣೆಯಂತೆ ಆಚೆಗೆ ಸರಿಯಿತು. ಇಷ್ಟು ದಿನ ಜೋತುಬಿದ್ದ ಬಾಗಿಲಿನಿಂದ ಅರ್ಧ ಬಿಸಿ ಬರುತ್ತಿತ್ತು. ಈಗ ಬಾಗಿಲು ಪೂರ್ತಿ ತಿರುಗಿ ಕೂತಿತು. ಎಂಜಿನ್ನಿನ ಬಿಸಿಯೆಲ್ಲ ಒಂದು ಚೂರೂ ಸೋರದೆ ಒಳಗೆ ನುಗ್ಗಿತು.

"ಮೊದಲಿನಕಿಂತ ಭಾಳ ಚಲೋ ಆಗ್ಯಾದ ಬೇಟಾ" ಎಂದು ಆಶಾಬಿ ಕಣ್ಣು ಮುಚ್ಚಿ ಹಿಂದಕ್ಕೊರಗಿದರು.

ಹಾಜಿಸಾಬರು ಗಡ್ಡದ ತುದಿಯಿಂದ ಇಳಿಯುವ ಬೆವರು ಒರೆಸುತ್ತ ಪಿಸುಗುಟ್ಟಿದರು: "ಇಷ್ಟು ಚಲೋ ಮಾಡು ಅಂತ ನಿನಗ ಯಾರು ಹೇಳಿದ್ರಲೇ?"

ಗೊಲ್ಲಾಳಪ್ಪ ಮೆಲ್ಲಗೆ ತನ್ನ ಬದಿಯ ಕಿಟಕಿ ಇಳಿಸಿದ.

"ಕಿಡಕಿ ಏರಿಸು ಬೇಟಾ" ಎಂದರು ಆಶಾಬಿ, ಕಣ್ಣು ಮುಚ್ಚಿಕೊಂಡೇ. "ಬಿಸಿ ಹೊರಗ ಹೊಂಟದ."