ಅಣ್ಣಯ್ಯನಿಗೆ ಟಾಪ್‌-ಅಪ್ ಮಾಡಿಸಿದ್ದು

ವಯಸ್ಸಾದವರಿಗೆ ಆರೋಗ್ಯ ವಿಮೆ ಮಾಡಿಸೋ ಕೆಲಸಕ್ಕೆ ಇಳಿದರೆ ನಗುವಿಗೇನೂ ಬರ ಇಲ್ಲ, ತಾಳ್ಮೆಗೆ ಮಾತ್ರ ಬರ. ಕೆ.ಆರ್. ಪೇಟೆಯಲ್ಲಿ ಟೀಚರಾಗಿ ರಿಟೈರಾದ ಮೇಲೆ ನಾನು ಏಜೆಂಟಾದೆ. ಊರವರನ್ನೆಲ್ಲ ಒಪ್ಪಿಸಿದೆ, ಸಿಂಧಘಟ್ಟದ ಸ್ವಂತ ಅಣ್ಣ ಮಾತ್ರ ಜಗ್ಗಲಿಲ್ಲ. ಅವನ ಹತ್ತಿರ ಇದ್ದದ್ದು ಒಂದು ಸಣ್ಣ ಪಾಲಿಸಿ. ದೊಡ್ಡ ಆಪರೇಷನ್ ಬಂದರೆ ಯಾವ ಮೂಲೆಗೂ ಸಾಲದು. ನಮ್ಮ ಭಾವನ ಹಾರ್ಟ್ ಆಪರೇಷನ್‌ಗೆ ಕೆರೆ ಕೆಳಗಿನ ಗದ್ದೆ ಹೋದದ್ದನ್ನು ಕಣ್ಣಾರೆ ಕಂಡವಳು ನಾನು. ಅಣ್ಣನ ಗದ್ದೆ ಹಾಗೆ ಹೋಗಕೂಡದು ಅಂತ ಹಟ ಹಿಡಿದೆ. ಬರೋ ಹುಟ್ಟುಹಬ್ಬ ದಾಟಿದರೆ ನಮ್ಮ ಕಂಪನಿ ಅವನನ್ನು ಸೇರಿಸಿಕೊಳ್ಳುವ ಹಾಗಿರಲಿಲ್ಲ.

೧. ಎರಡು ಕೆರೆ

"ಅದೇನಮ್ಮಿ ಟಾಪ್‌-ಅಪ್ಪು?" ಅಂದ ಅಣ್ಣ.

"ಆಸ್ಪತ್ರೆ ಬಿಲ್ಲು ನೀರು ಅಂದ್ಕೊ. ಮೊದಲು ಮೇಲಿನ ಕೆರೆಗೆ ಬೀಳುತ್ತೆ. ಅದು ನಿನ್ನ ಹಳೇ ಪಾಲಿಸಿ. ಕೋಡಿ ಬಿದ್ದು ಮಿಕ್ಕಿದ್ದು ಕೆಳಗಿನ ಕೆರೆಗೆ. ಅದು ಟಾಪ್‌-ಅಪ್. ಅಲ್ಲೀವರೆಗೆ ನೀರು ಬರೋದು ಅಪರೂಪ, ಅದಕ್ಕೇ ಅಗ್ಗ."

ಗಡ್ಡ ಕೆರೆದುಕೊಂಡು ಯೋಚಿಸಿದ. "ಅಂಗಾರೆ ಮೇಲಿನ್ ಕೆರೆ ನಿಲ್ಲಿಸ್ಬುಡು. ಅಗ್ಗದ್ದು ಒಂದೇ ಸಾಕು."

"ಆಗ ಮೊದಲ ನೀರು ಎಲ್ಲಿಗೆ ಹೋಗುತ್ತೆ?"

"ನಿನ್ ಮನೆಗೆ. ಏಜೆಂಟು ನೀನೇ ತಾನೆ."

೨. ಆಷಾಢ

ಅಂತೂ ಒಪ್ಪಿದ. ಸಹಿ ಹಾಕಿಸೋಣ ಅಂತ ಹೋದರೆ ಅತ್ತಿಗೆ ಪೆನ್ನು ಕಿತ್ತಿಟ್ಟರು. ಆಷಾಢದಲ್ಲಿ ಹೊಸದೇನೂ ಶುರು ಮಾಡಕೂಡದಂತೆ.

ನನಗೆ ರೇಗಿತು. "ಆಷಾಢದಲ್ಲಿ ಕಾಯಿಲೆ ಬರಲ್ವಾ ಅತ್ತಿಗೆ?"

"ಬಂದ್ರೆ ಬರ್ಲಿ ಬುಡು. ಶ್ರಾವಣದಲ್ಲಿ ತೋರುಸ್ತೀವಿ."

೩. ಖಾಲಿ ಹೊಟ್ಟೆ

ಶ್ರಾವಣದಲ್ಲಿ ಸಹಿಯಾಯಿತು. ಮುಂದಿನದು ರಕ್ತಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಬಾ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ನರ್ಸಮ್ಮ ಕೇಳಿದಾಗಲೂ "ಏನೂ ಉಂಡಿಲ್ಲ ಕಣವ್ವ" ಅಂದ. ರಿಪೋರ್ಟು ನೋಡಿದರೆ ಶುಗರ್ ಆಕಾಶದಲ್ಲಿತ್ತು.

"ನಿಜ ಹೇಳಣ್ಣ, ಏನು ತಿಂದೆ?"

"ಬಸ್‌ಸ್ಟ್ಯಾಂಡಲ್ಲಿ ನಾಕು ಇಡ್ಲಿ, ಒಂದು ವಡೆ, ಕಾಫಿ."

"ಖಾಲಿ ಹೊಟ್ಟೆ ಅಂದಿರಲಿಲ್ವಾ?"

"ಮುದ್ದೆ ಎಲ್ಲಮ್ಮಿ ಉಂಡೆ?"

ಮಾರನೆ ದಿನ ಕೋಳಿ ಕೂಗೋ ಹೊತ್ತಿಗೇ ಹೋಗಿ ಅವನ ಬಾಯಿಗೆ ಕಾವಲು ಕೂತೆ.

೪. ಕಂಪನಿ ಫೋನು

ಕಡೆಯದಾಗಿ ಕಂಪನಿಯಿಂದ ಫೋನು ಬರಬೇಕಿತ್ತು. "ಇರೋ ಕಾಯಿಲೆಯೆಲ್ಲ ಹೇಳ್ಬುಡು. ಮುಚ್ಚಿಟ್ರೆ ನಾಳೆ ದುಡ್ಡು ಕೊಡಲ್ಲ, ಗದ್ದೆ ಹೋಗುತ್ತೆ" ಅಂತ ಬುದ್ಧಿ ಹೇಳಿದ್ದೆ. ತಲೆಯಾಡಿಸಿದ್ದ. ಆದರೆ ಫೋನು ಬಂದದ್ದು ಡೈರಿಯಲ್ಲಿ ಹಾಲು ಹಾಕೋ ಹೊತ್ತಿಗೆ. ನಾನೂ ಜೊತೆಗಿದ್ದೆ. ಅವನ ಫೋನಿನ ಸ್ಪೀಕರು ಯಾವಾಗಲೂ ಆನ್, ಆಫ್ ಮಾಡೋಕೆ ಅವನಿಗೆ ಬರಲ್ಲ.

"ಸರ್, ಸಕ್ಕರೆ ಕಾಯಿಲೆ ಇದೆಯಾ?"

ಅಷ್ಟು ಜನರ ಮುಂದೆ ಮಾನ ಬಿಟ್ಟಾನೆಯೆ? ಮೀಸೆ ತಿರುವಿ "ಇಲ್ಲ" ಅಂದ.

ಸಾಲಿನಲ್ಲಿ ಹಿಂದೆ ನಿಂತಿದ್ದವನು ಬಿಟ್ಟಾನೆಯೆ? "ಲೇ, ದಿನಾ ನನ್ ಜೊತೇಲೇ ಮಾತ್ರೆ ನುಂಗ್ತೀಯಲ್ಲಾ."

"ಬಿಪಿ?"

"ಇಲ್ಲ."

ಡೈರಿ ಸೆಕ್ರೆಟರಿ ಹಾಲು ಅಳೆಯೋದು ನಿಲ್ಲಿಸಿದ. "ಮೊನ್ನೆ ಇಲ್ಲೇ ತಲೆ ಸುತ್ತಿ ಬಿದ್ದಾಗ ನೀರು ಚುಮುಕ್ಸಿದ್ದು ಯಾರು?"

"ಆಪರೇಷನ್ ಏನಾದರೂ ಆಗಿದೆಯಾ?"

"ಹರ್ನಿಯಾ ಆಗದೆ, ಬರ್ಕಳಮ್ಮ," ಅಂತ ಸಾಲಿನ ಕೊನೆಯಿಂದ ಬಂತು. ಬೀಡಿ ವಿಷಯಕ್ಕಂತೂ ಇಡೀ ಸಾಲೇ ಒಟ್ಟಿಗೆ ಉತ್ತರ ಕೊಟ್ಟಿತು. ನನಗೆ ನಗೋದೋ ಎಲ್ಲರ ಕಾಲಿಗೆ ಬೀಳೋದೋ ತಿಳಿಯಲಿಲ್ಲ.

"ಇಷ್ಟೇನಾ ಸರ್?"

ಅಣ್ಣ ನನ್ನ ಮುಖ ನೋಡಿದ. ಆಮೇಲೆ ಹಾಲಿನ ಕ್ಯಾನುಗಳ ಹಿಂದಕ್ಕೆ ಹೋಗಿ ಗುಟ್ಟಾಗಿ ಅಂದ: "ಇವ್ರಿಗೆ ಗೊತ್ತಿಲ್ದೆ ಇರೋದು ಇನ್ನೊಂದೈತೆ ಕಣವ್ವ. ಮೂಲವ್ಯಾಧಿ."

ಆ ಕಡೆಯ ಹುಡುಗಿ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಕೇಳಿದಳು: "ಮೂಲವ್ಯಾಧಿ. ಎಷ್ಟು ವರ್ಷದಿಂದ ಸರ್?"

ಕಂಪನಿಯವರು ಪ್ರೀಮಿಯಂ ಸ್ವಲ್ಪ ಹೆಚ್ಚಿಗೆ ಕಟ್ಟಿಸಿಕೊಂಡರೂ ಹುಟ್ಟುಹಬ್ಬಕ್ಕೆ ಮುಂಚೆಯೇ ಪಾಲಿಸಿ ಬಂತು. ಖುಷಿಗೆ ನನ್ನ ಕಣ್ಣಲ್ಲಿ ನೀರು. "ಇನ್ನು ಗದ್ದೆಗೆ ಭಯ ಇಲ್ಲ ಕಣಣ್ಣ" ಅಂದೆ.

"ಗದ್ದೆ ಉಳೀತು ಸರಿ ಕಣಮ್ಮಿ," ಅಂದ ಅಣ್ಣ. "ನಾಳೆಯಿಂದ ಡೈರಿಗೆ ಹಾಲು ನೀನೇ ಹಾಕು."