ಚಟ್ಟದ ಮೇಲಿನ ಪಾತ್ರ

ಸಿದ್ದೇಶ್ ಸತ್ತಿದ್ದಕ್ಕೆ ಕೊಟ್ರೇಶನಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಅವನ ಹೆಣದ ಮುಂದೆ ತನ್ನ ಹೆಂಡತಿ ಭಾಗ್ಯಲಕ್ಷ್ಮಿ ಅಷ್ಟು ಚೆನ್ನಾಗಿ ಅತ್ತಿದ್ದೇ ಹೊಟ್ಟೆಗೆ ಬೆಂಕಿ ಹಚ್ಚಿತ್ತು.

ಸತ್ತಿದ್ದು ಸಿನಿಮಾದಲ್ಲಿ ಎನ್ನಿ. ಪ್ರೇಮ, ನಂಬಿಕೆ, ತ್ಯಾಗ ಎಂಬ ಮೂರು ಸರಕು ಹೇರಿಕೊಂಡು ಹರಿಹರದ ಹೊಳೆದಂಡೆಗೆ ಬಂದಿಳಿದಿದ್ದ ಕಲಾತ್ಮಕ ನಿರ್ದೇಶಕ ಅಂಜನಕುಮಾರ, ನಟರು ಬೇಡ, ನಿಜವಾದ ಸಂಸಾರಸ್ಥರೇ ಬೇಕೆಂದು ಹಟ ಹಿಡಿದಿದ್ದ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಿಂದ ಅಂಬಿಗನ ಹೆಂಡತಿಯಾಗಿ ಭಾಗ್ಯಲಕ್ಷ್ಮಿ ಆಯ್ಕೆಯಾದಳು. ನೆರೆಯಲ್ಲಿ ಊರವರನ್ನು ದಾಟಿಸಿ ತಾನು ಮುಳುಗಿ ಸಾಯುವ ಅಂಬಿಗನಾಗಿ ಎದುರು ಮನೆಯ ಸಿದ್ದೇಶ್ ಆಯ್ಕೆಯಾದ. ಮಿಕ್ಸಿ ರಿಪೇರಿಯ ಕೊಟ್ರೇಶ್ ಆಯ್ಕೆಯಾಗಿದ್ದು ಹೆಂಡತಿಯನ್ನು ಬೈಕಿನಲ್ಲಿ ಬಿಟ್ಟು ಕರೆತರುವ ಮಹತ್ಕಾರ್ಯಕ್ಕೆ.

ತಾಲೀಮಿನ ದಿನ ಅವಳು "ಏಳ್ರೀ ನನ್ನ ರಾಜಾ" ಎಂದು ಗೋಳಾಡಿದ ಪರಿಗೆ ಬಟ್ಟೆ ಒಗೆಯಲು ಬಂದ ಹೆಂಗಸರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. (ಹದಿನಾರು ವರ್ಷದ ದಾಂಪತ್ಯದಲ್ಲಿ ಕೊಟ್ರೇಶನಿಗೆ ದಕ್ಕಿದ್ದ ಪರಮೋಚ್ಚ ಬಿರುದು "ರೀ".)

"ನನಗೆ ಟೈಫಾಯ್ಡ್ ಆದಾಗ ನೀನು ಒಂದು ಹನಿ ಕಣ್ಣೀರು ಹಾಕ್ಲಿಲ್ಲ" ಎಂದು ಮನೆಗೆ ಬಂದು ಕೆದಕಿದ.

"ಓಣಿಗೆಲ್ಲ ಕೇಳೋ ಹಂಗೆ ನೀವೇ ಅಳ್ತಿದ್ರಿ. ನನಗೆಲ್ಲಿ ಜಾಗ ಇತ್ತು?"

ಮರುದಿನ ಕೊಟ್ರೇಶ್ ನೇರವಾಗಿ ನಿರ್ದೇಶಕನ ಮುಂದೆ ನಿಂತ. "ಸಾರ್, ನಿಮಗೆ ನಿಜ ಬೇಕಲ್ರಿ? ನಿಜವಾದ ಗಂಡ ನಾನಿದೀನಿ. ಚಟ್ಟದ ಮ್ಯಾಲೆ ನಾನೇ ಮಲಗ್ತೀನಿ."

ನಿರ್ದೇಶಕನಿಗೆ ಸ್ವರ್ಗ ಮೂರೇ ಗೇಣು. ಸಿದ್ದೇಶನನ್ನು ಎಬ್ಬಿಸಿ, ಕೊಟ್ರೇಶನ ಮೂಗಿಗೆ ಹತ್ತಿ ತುರುಕಿ ಮಲಗಿಸಿದರು. ಬಿಸಿಲು ಹಣೆ ಸುಡುತ್ತಿದ್ದರೂ ಅವನು ತನ್ನ ಪಾಲಿನ "ರಾಜಾ"ಗೆ ಕಿವಿ ನಿಮಿರಿಸಿಕೊಂಡು ಕಾದ.

"ಏಳ್ರಿ ಮ್ಯಾಲೆ" ಎಂದಳು ಭಾಗ್ಯಲಕ್ಷ್ಮಿ.

ಇದೇ ಸಂಭಾಷಣೆ ಎಂದುಕೊಂಡು ಅವನು ಇನ್ನಷ್ಟು ಸತ್ತ.

"ಏಳ್ರಿ ಅಂದೆ. ನಿಮ್ಮ ಮುಂದೆ ಕುಂಕುಮ ಅಳಿಸ್ಕೊಂಡು ಬಳೆ ಒಡ್ಕೊಳ್ಳೋದು ನನ್ನ ಕೈಲಾಗಲ್ಲ. ಸಿನಿಮಾ ಹಾಳಾಗಿ ಹೋಗ್ಲಿ."

ಹೆಣ ಒಂದು ಕಣ್ಣು ತೆರೆಯಿತು. "ಸಿದ್ದೇಶನ ಮುಂದೆ ಆಗ್ತಿತ್ತಲ್ಲ?"

"ಅವ್ರು ಮಲಗಿದ್ರೆ ನಾಟಕ. ನೀವು ಮಲಗಿದ್ರೆ ಅಪಶಕುನ." ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಕೊಟ್ರೇಶನ ಹೊಟ್ಟೆಕಿಚ್ಚು ತಣ್ಣಗಾಯಿತು. ಹದಿನಾರು ವರ್ಷ ತಾನೇ ಪೆದ್ದನಾಗಿದ್ದೆ ಅನ್ನಿಸಿತು. ಮೂಗಿನ ಹತ್ತಿ ಕಿತ್ತೆಸೆದು, ಸಿಂಹಾಸನ ದಾನ ಮಾಡುವ ಚಕ್ರವರ್ತಿಯ ಗತ್ತಿನಲ್ಲಿ ಎದ್ದು, "ಬಾರಪ್ಪ, ಮಲಕೋ" ಎಂದು ಸಿದ್ದೇಶನಿಗೆ ಚಟ್ಟ ಬಿಟ್ಟುಕೊಟ್ಟ.

"ತ್ಯಾಗ ಅಂದ್ರೆ ಇದು" ಎಂದು ನಿರ್ದೇಶಕ ಅವನ ಭುಜ ತಟ್ಟಿದ. ತಟ್ಟಿದವನು ಹಾಗೇ ಒಮ್ಮೆ ಅದುಮಿಯೂ ನೋಡಿದ. "ಭುಜ ಗಟ್ಟಿ ಐತೆ. ಹೆಣ ಹೊರೋಕೆ ಒಬ್ರು ಕಮ್ಮಿ ಅದಾರೆ. ಮುಂದಿನ ಎಡಗಡೆ ನೀವು ಬರ್ರಿ."

ಸಿದ್ದೇಶನ ತೂಕ ತೊಂಬತ್ತೆರಡು ಕಿಲೋ. ಹೊಳೆಯ ಮೆಟ್ಟಿಲು ಹತ್ತಬೇಕು. ಹಿಂದೆ ಭಾಗ್ಯಲಕ್ಷ್ಮಿ ಯಾವ ಅಪಶಕುನದ ಭಯವೂ ಇಲ್ಲದೆ ನಿರಾಳವಾಗಿ, ಮನಸಾರೆ ಗೋಳಾಡುತ್ತಾ ಬಂದಳು. ನಿರ್ದೇಶಕನಿಗೆ ಮೋಡ ಸರಿಬರಲಿಲ್ಲ, ಮತ್ತೊಮ್ಮೆ ಎಂದ. ಆಮೇಲೆ ನೆರಳು ಸರಿಬರಲಿಲ್ಲ.

ಆರನೇ ಸಲ ಮೆಟ್ಟಿಲ ನಡುವೆ, ಏದುಸಿರು ಬಿಡುತ್ತಿದ್ದ ಕೊಟ್ರೇಶನ ಕಿವಿಯ ಹತ್ತಿರ ಹೆಣ ಪಿಸುಗುಟ್ಟಿತು:

"ಅಣ್ಣಾ, ಸ್ವಲ್ಪ ಮೆತ್ತಗೆ ಉಸಿರು ಬಿಡ್ರಿ. ಅತ್ತಿಗೆ ಅಳೋದು ಸರಿಯಾಗಿ ಕೇಳ್ತಿಲ್ಲ."