ಐವತ್ತು ಗ್ಯಾಲನ್ ಡೀಸೆಲ್ ಹೊತ್ತು ಡೀಸೆಲ್ ಇಲ್ಲದೆ ನಿಂತದ್ದು

ನಮ್ಮ ಪಿಕಪ್ ಟ್ರಕ್ಕಿಗೆ ಎರಡನೇ ಡೀಸೆಲ್ ಟ್ಯಾಂಕ್ ಕೂರಿಸುವುದು ಒಂದು ಶನಿವಾರದ ಕೆಲಸ ಎಂದು ನಾನು ಮನೆಯಲ್ಲಿ ಘೋಷಿಸಿದೆ. ನನ್ನ ಹೆಂಡತಿ ಶೈಲಾ ಧಾರವಾಡದವಳು, ಘೋಷಣೆಗಳಿಗೆ ಸುಲಭವಾಗಿ ಮರುಳಾಗುವವಳಲ್ಲ. ಯಾರು ಕೂರಿಸುವವರು ಎಂದಷ್ಟೇ ಕೇಳಿದಳು. ನಾನು ವಿನಯದಿಂದ ಎದೆಯ ಮೇಲೆ ಕೈ ಇಟ್ಟುಕೊಂಡೆ. ಅವಳು ಒಳಗೆ ಹೋದಳು.

ಟ್ಯಾಂಕಿನ ಅಗತ್ಯ ಬಿದ್ದದ್ದು ಆರ್‌ವಿಯಿಂದ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ, ಟ್ರಕ್ಕಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆ ಅದು. ಮೊದಲ ಪ್ರವಾಸದಲ್ಲೇ ನಾನು ಅದನ್ನು ಡೀಸೆಲ್ ಹಾಕಿಸಲು ಒಂದು ಸಣ್ಣ ಗ್ಯಾಸ್ ಸ್ಟೇಷನ್ನಿಗೆ ನುಗ್ಗಿಸಿ, ಹೊರಗೆ ಬರಲು ತಿರುವು ಸಿಗದೆ, ಮುಕ್ಕಾಲು ಗಂಟೆ ಇಡೀ ಸ್ಟೇಷನ್ನನ್ನು ಬಂದ್ ಮಾಡಿಸಿದ್ದೆ. ಪರಿಚಯವೇ ಇಲ್ಲದ ಆರು ಜನ ಆರು ದಿಕ್ಕಿಗೆ ಕೈ ತೋರಿಸಿ ನನ್ನನ್ನು ಹೊರಗೆ ತೆಗೆದಿದ್ದರು. ಅಂದೇ ಪಣ ತೊಟ್ಟೆ. ಇನ್ನು ಮುಂದೆ ದಾರಿಯಲ್ಲಿ ಡೀಸೆಲ್‌ಗೆ ನಿಲ್ಲುವ ಮಾತೇ ಇಲ್ಲ!

ಶೈಲಾಳ ಹಾಸ್ಟೆಲ್ ಗೆಳತಿಯರು ಇಪ್ಪತ್ತು ವರ್ಷಗಳ ಮೇಲೆ ನ್ಯೂಯಾರ್ಕ್ ರಾಜ್ಯದ ಒಂದು ಸರೋವರದ ದಡದಲ್ಲಿ ಸೇರುವವರಿದ್ದರು. ಮಧ್ಯಾಹ್ನದ ಊಟ ನಮ್ಮ ಮನೆಯದು. ನಾವಿರುವ ಪಾರ್ಸಿಪನಿಯಿಂದ ನಾಲ್ಕೂವರೆ ಗಂಟೆಯ ದಾರಿ. ಹೊಸ ಟ್ಯಾಂಕಿನ ಉದ್ಘಾಟನೆಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ?

ಟ್ಯಾಂಕ್ ಬಂತು. ಟ್ರಕ್ಕಿನ ಹಿಂದಿನ ಖಾಲಿ ಜಾಗದಲ್ಲಿ ಅದನ್ನು ಎತ್ತಿಟ್ಟು ಬೋಲ್ಟ್ ಹಾಕಲು ಪಕ್ಕದ ಮನೆಯ ಡಾಕ್ಟರ್ ಮೂರ್ತಿ ನೆರವಾದರು. ವ್ಯವಸ್ಥೆ ಬಹಳ ಸರಳ. ಹೊಸ ಟ್ಯಾಂಕ್ ಮೇಲಿರುತ್ತದೆ, ಟ್ರಕ್ಕಿನ ಮೂಲ ಟ್ಯಾಂಕ್ ಕೆಳಗಿರುತ್ತದೆ. ನಡುವೆ ಒಂದು ರಬ್ಬರ್ ಪೈಪು. ಕೆಳಗೆ ಡೀಸೆಲ್ ಕಮ್ಮಿಯಾದ ಹಾಗೆ ಮೇಲಿನದು ತಾನಾಗಿ ಇಳಿದು ತುಂಬಿಕೊಳ್ಳುತ್ತದೆ. ಪೈಪಿನ ಮಧ್ಯೆ ಒಂದೇ ದಿಕ್ಕಿಗೆ ಬಿಡುವ ಒಂದು ವಾಲ್ವ್, ಅದರ ಮೈಮೇಲೆ ಒಂದು ಬಾಣದ ಗುರುತು.

ನಾನು ವಾಲ್ವ್ ಜೋಡಿಸುವಾಗ ಡಾಕ್ಟರು ಬಗ್ಗಿ ನೋಡಿ, "ಬಾಣ ಕೆಳಗೆ ತೋರಿಸಬೇಕಲ್ವಾ?" ಎಂದರು.

ಡೀಸೆಲ್ ಎಲ್ಲಿಂದ ಬರುತ್ತದೆ ಎಂಬುದನ್ನು ಬಾಣ ತೋರಿಸುತ್ತದೆ ಎಂದು ನಾನು ತಾಳ್ಮೆಯಿಂದ ವಿವರಿಸಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. "ಡಾಕ್ಟ್ರೇ, ಇದು ಹಾರ್ಟ್ ಅಲ್ಲ," ಎಂದೆ. ಮೂರ್ತಿಯವರು ಹೃದಯದ ಡಾಕ್ಟರು. ಮೂವತ್ತು ವರ್ಷಗಳಿಂದ ಅವರು ನೋಡುತ್ತಾ ಬಂದಿರುವುದೇ ವಾಲ್ವುಗಳನ್ನು. ಆದರೂ ದೊಡ್ಡ ಮನಸ್ಸಿನವರು, ಸ್ಪ್ಯಾನರ್ ಎತ್ತಿ ಕೈಗೆ ಕೊಟ್ಟರು.

ಹೊರಡುವ ಹಿಂದಿನ ದಿನ ಗ್ಯಾಸ್ ಸ್ಟೇಷನ್ನಿನವನು ಎರಡೂ ಟ್ಯಾಂಕ್ ತುಂಬಲೇ ಎಂದು ಕೇಳಿದ. ಹೊಸದನ್ನು ಮಾತ್ರ ತುಂಬಿಸು ಎಂದೆ. ಮೂಲ ಟ್ಯಾಂಕಿನಲ್ಲಿ ಕಾಲು ಭಾಗವಷ್ಟೇ ಇತ್ತು. ಮೇಲಿಂದ ಇಳಿಯುವ ಡೀಸೆಲ್‌ಗೆ ಜಾಗ ಬೇಡವೇ? ಐವತ್ತು ಗ್ಯಾಲನ್ ತುಂಬಿಸಿಕೊಂಡು ಒಬ್ಬ ಸಣ್ಣ ಸುಲ್ತಾನನ ಹಾಗೆ ಮನೆಗೆ ಬಂದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಆರ್‌ವಿಯೊಳಗೆ ಎಂಬತ್ತು ಜೋಳದ ರೊಟ್ಟಿ, ಒಂದು ದೊಡ್ಡ ಪಾತ್ರೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಹೈವೇ ಎಂಬತ್ತರಲ್ಲಿ ಪೆನ್ಸಿಲ್ವೇನಿಯಾ ಗಡಿ ದಾಟಿದ್ದೇ ಪೊಕೊನೊ ಬೆಟ್ಟಗಳ ಏರು. ಗಾಡಿ ಏದುಸಿರು ಬಿಡುತ್ತಿತ್ತು, ನಾನು ಸಿಳ್ಳೆ ಹಾಕುತ್ತಿದ್ದೆ.

"ರೀ, ಕಾಟಾ ಇಳೀಲಿಕ್ಕತ್ತದ ನೋಡ್ರಿ," ಎಂದಳು ಶೈಲಾ.

ಡೀಸೆಲ್ ತೋರಿಸುವ ಮುಳ್ಳು ನಿಜವಾಗಿಯೂ ಇಳಿಯುತ್ತಿತ್ತು. ಮುಳ್ಳಿಗೆ ಹೊಸ ವ್ಯವಸ್ಥೆ ಇನ್ನೂ ಅರ್ಥವಾಗಿಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಕೆಂಪು ದೀಪ ಹತ್ತಿತು. ಅದಕ್ಕೂ ಅರ್ಥವಾಗಿಲ್ಲ ಎಂದೆ. ಲಾರಿಗಳು ನಿಲ್ಲುವ ವಿಶಾಲವಾದ ಒಂದು ಡೀಸೆಲ್ ಸ್ಟೇಷನ್ ಎದುರಾಯಿತು. ನಮ್ಮಂಥ ಎರಡು ಗಾಡಿ ಅಕ್ಕಪಕ್ಕ ತಿರುಗಬಹುದಾದಷ್ಟು ಜಾಗ! ಅಲ್ಲಿ ಸಾಲುಗಟ್ಟಿ ನಿಂತವರನ್ನು ಕನಿಕರದಿಂದ ನೋಡುತ್ತಾ ಮುಂದೆ ಸಾಗಿದೆ. ಶೈಲಾ ಕತ್ತು ಹೊರಳಿಸಿ, ಅದು ಕಣ್ಮರೆಯಾಗುವ ತನಕ ಅದನ್ನೇ ನೋಡುತ್ತಿದ್ದಳು.

ಆರು ಮೈಲಿ ಆಚೆ, ಒಂದು ಏರಿನಲ್ಲಿ, ಎಂಜಿನ್ ಎರಡು ಸಲ ಕೆಮ್ಮಿ ನಿಂತೇಹೋಯಿತು. ಹೇಗೋ ರಸ್ತೆ ಬದಿಗೆ ತಂದು ನಿಲ್ಲಿಸಿದೆ. ಇಳಿದು ಹೊಸ ಟ್ಯಾಂಕನ್ನು ಬಡಿದು ನೋಡಿದೆ. ತುಂಬು ಗರ್ಭಿಣಿಯ ಹಾಗೆ ಗಂಭೀರವಾಗಿತ್ತು. ಒಂದು ತೊಟ್ಟೂ ಕೆಳಗೆ ಇಳಿದಿರಲಿಲ್ಲ.

ಶೈಲಾ ಗಡಿಯಾರ ನೋಡಿಕೊಂಡಳು. ಕೂಗಾಡಿದ್ದರೆ ವಾಸಿಯಿತ್ತು. "ಇಪ್ಪತ್ತು ವರ್ಷದ ಮ್ಯಾಲೆ ಭೆಟ್ಟಿ ಆಗೋರು, ನಮ್ಮ ಊಟದ ದಾರಿ ಕಾಯಬೇಕೇನ್ರಿ?" ಎಂದು ಮೆಲ್ಲಗೆ ಕೇಳಿದಳು. ನನ್ನ ಸಿಳ್ಳೆ ಅಲ್ಲಿಗೆ ಬಂದ್ ಆಯಿತು.

ಅವಳ ಹಾಸ್ಟೆಲ್ ಗೆಳತಿ ಮಂಗಲಾ ಜೆರಿಕೋ ಎಂಬ ಊರಿನಿಂದ ಹೊರಟು ನಮ್ಮ ಹಿಂದೆಯೇ ಬರುತ್ತಿದ್ದರು. ಫೋನ್ ಮಾಡಿದ ಅರ್ಧ ಗಂಟೆಗೆ ಬಂದರು. ನಾನು ಸಮಸ್ಯೆಯ ತಾಂತ್ರಿಕ ಹಿನ್ನೆಲೆ ವಿವರಿಸಲು ಬಾಯಿ ತೆರೆಯುವುದರೊಳಗೆ ರೊಟ್ಟಿಯ ಬುಟ್ಟಿ ಅವರ ಕಾರಿಗೆ ಹೋಯಿತು. ಎಣ್ಣೆಗಾಯಿ ಹೋಯಿತು. ಮೊಸರು ಹೋಯಿತು. ಕೊನೆಗೆ ನನ್ನ ಹೆಂಡತಿಯೂ ಹೋದಳು. ಹೋಗುವ ಮುಂಚೆ ಎರಡು ರೊಟ್ಟಿಯನ್ನು ಒಂದು ಪೇಪರ್ ಟವೆಲಿನಲ್ಲಿ ಸುತ್ತಿ ಕೈಗೆ ಕೊಟ್ಟಳು. ಚಟ್ನಿ ಮರೆತಿದ್ದಳೋ, ಶಿಕ್ಷೆಯೋ, ಈವರೆಗೆ ಕೇಳುವ ಧೈರ್ಯವಾಗಿಲ್ಲ.

ಒಂದೂವರೆ ಗಂಟೆಯ ಮೇಲೆ, ನಾನು ಫೋನ್ ಮಾಡಿ ಕರೆಸಿದ್ದ ರಿಪೇರಿ ಗಾಡಿ ಬಂತು. ಇಳಿದವನು ಧಡೂತಿ ಆಸಾಮಿ, ಕೈಯಲ್ಲಿ ಐದು ಗ್ಯಾಲನ್ನಿನ ಕ್ಯಾನು. ಹಿಂದಿನ ಟ್ಯಾಂಕಿನಲ್ಲಿ ಏನಿದೆ ಎಂದು ಕೇಳಿದ. ಡೀಸೆಲ್ ಎಂದೆ. ಎಷ್ಟು ಎಂದ. ಐವತ್ತು ಗ್ಯಾಲನ್ ಎಂದೆ. ಅವನು ತನ್ನ ಕ್ಯಾನನ್ನು ನೋಡಿಕೊಂಡ, ನನ್ನ ಟ್ಯಾಂಕನ್ನು ನೋಡಿದ, ಆಮೇಲೆ ಜೇಬಿನಿಂದ ಫೋನ್ ತೆಗೆದು ಒಂದು ಫೋಟೋ ಹೊಡೆದುಕೊಂಡ. ಅವನ ಹೆಂಡತಿ ನಂಬುವುದಿಲ್ಲವಂತೆ.

ಟಾರ್ಚ್ ಹಿಡಿದು ಗಾಡಿಯ ಕೆಳಗೆ ತೂರಿದವನು, ಬಾಣ ಆಕಾಶ ನೋಡುತ್ತಿದೆ ಎಂದು ತಿಳಿಸಿದ. ಡೀಸೆಲ್‌ಗೆ ಮೇಲೆ ಹತ್ತಲು ಮಾತ್ರ ನಾನು ಅನುಮತಿ ಕೊಟ್ಟಿದ್ದೆ! ಇಲ್ಲೇ ತಿರುಗಿಸಿ ಹಾಕಿಬಿಡು ಎಂದು ಬೇಡಿಕೊಂಡೆ. ಪೈಪು ಬಿಚ್ಚಿದರೆ ಐವತ್ತು ಗ್ಯಾಲನ್ನೂ ರಸ್ತೆಗೆ ಬರುತ್ತದೆ, ತನ್ನಿಂದಾಗದು ಎಂದ. ಐದು ಗ್ಯಾಲನ್ ಕೆಳಗಿನ ಟ್ಯಾಂಕಿಗೆ ಸುರಿದು, ನಾಲ್ಕೈದು ಸಲ ಕೀ ತಿರುಗಿಸಲು ಹೇಳಿ, ಎಂಜಿನ್ ಹೊರಡಿಸಿಕೊಟ್ಟು ಹೋದ.

ಆಮೇಲೆ ಕಂಡ ಮೊದಲ ಡೀಸೆಲ್ ಸ್ಟೇಷನ್ನಿನಲ್ಲೇ ನಿಂತೆ. ಹೆದರಿಕೆಗೆ ಇನ್ನೆರಡು ಕಡೆಯೂ ನಿಂತೆ. ಸರೋವರ ಮುಟ್ಟುವ ಹೊತ್ತಿಗೆ ಗೆಳತಿಯರು ಊಟ ಮುಗಿಸಿ, ಹಾಡು ಮುಗಿಸಿ, ಸಂಜೆಯ ಚಹಾ ಹಿಡಿದು ಕೂತಿದ್ದರು. ನನ್ನನ್ನು ಕಂಡದ್ದೇ ಮಂಗಲಾ ಎದ್ದು, "ಟ್ಯಾಂಕರ್ ಸಾಹೇಬ್ರು ಬಂದ್ರು, ದಾರಿ ಬಿಡ್ರಿ," ಎಂದರು. ಅಷ್ಟೂ ಜನ ನಕ್ಕರು. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು, ನಕ್ಕವಳು ಶೈಲಾ. ಅವಳು ಹಾಗೆ ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು. ನಾನೂ ನಕ್ಕೆ.

ಐವತ್ತು ಗ್ಯಾಲನ್ ಡೀಸೆಲ್ ಸರೋವರ ನೋಡಿಕೊಂಡು, ಒಂದು ತೊಟ್ಟೂ ಕಮ್ಮಿಯಾಗದೆ ಪಾರ್ಸಿಪನಿಗೆ ವಾಪಸ್ಸಾಯಿತು. ಮರುವಾರ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಡೀಸೆಲ್ ಎಲ್ಲ ಪಂಪಿನಿಂದ ಹೊರಗೆಳೆದು, ವಾಲ್ವನ್ನು ತಿರುಗಿಸಿ ಹಾಕಿದ. ತಿರುಗಿಸಲು ಹಿಡಿದದ್ದು ಆರು ನಿಮಿಷ. ಕೈ ಒರೆಸಿಕೊಳ್ಳುತ್ತಾ, ಇದನ್ನು ಜೋಡಿಸಿದವನು ಯಾರು ಎಂದು ಕೇಳಿದ.

ಯಾರೋ ಒಬ್ಬ, ಈಗ ಆ ಕೆಲಸ ಬಿಟ್ಟಿದ್ದಾನೆ ಎಂದು ನಾನು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಶೈಲಾ ನನ್ನ ಬೆನ್ನ ಮೇಲೆ ಕೈ ಇಟ್ಟು, "ಹೀ ಈಸ್ ವೆರಿ ಗುಡ್ ಇನ್ ಸಾಫ್ಟ್‌ವೇರ್," ಎಂದಳು.

ಮೆಕ್ಯಾನಿಕ್, ಯಾವುದೋ ವಾಸಿಯಾಗದ ಕಾಯಿಲೆಯ ಹೆಸರು ಕೇಳಿದವನಂತೆ, ನನ್ನನ್ನು ನೋಡಿ ಮೆಲ್ಲಗೆ ತಲೆಯಾಡಿಸಿದ.